ತಲೆ ಬದಲಿಸೋದಾ, ಬೇಡ್ವಾ? ಎಸ್‌ಪಿ ರೋಡಿನಲ್ಲೊಂದು ಶನಿವಾರ

ಎಸ್‌ಪಿ ರೋಡಿಗೆ ಬರುವವರಲ್ಲಿ ಎರಡು ಬಗೆ. ಕೈಯಲ್ಲಿ ಚೀಟಿ ಹಿಡಿದು ಬರುವವರು ಒಂದು, ಕೆಟ್ಟ ಸಾಮಾನು ಹಿಡಿದು ಬರುವವರು ಇನ್ನೊಂದು. ಚೀಟಿಯವರಿಗೆ ಏನು ಬೇಕು ಅಂತ ಗೊತ್ತಿರುತ್ತದೆ. ಸಾಮಾನಿನವರಿಗೆ ಏನೋ ಸರಿಯಿಲ್ಲ ಅನ್ನೋದು ಮಾತ್ರ ಗೊತ್ತಿರುತ್ತದೆ. ಆ ಶನಿವಾರ ನನ್ನ ಫೋನಿನಲ್ಲಿ ಚೀಟಿ ಇತ್ತು, ಪಕ್ಕದಲ್ಲಿ ನಡೆಯುತ್ತಿದ್ದ ಅಪ್ಪನ ಕೈಯಲ್ಲಿ ಸಾಮಾನು ಇತ್ತು. ಸ್ಟೀಲಿನ ಟಿಫಿನ್ ಡಬ್ಬಿ, ಅದರೊಳಗೆ ಹತ್ತಿ ಸುತ್ತಿದ ಒಂದು ಪುಟ್ಟ ಹೆಲಿಕಾಪ್ಟರ್.

ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಅಲ್ಯೂಮಿನಿಯಂ ರೋಟರ್ ಹೆಡ್, ಒಂದು ಸೆಟ್, 2,800 ರೂಪಾಯಿ. ಕೊಳ್ಳೋದಾ ಬೇಡ್ವಾ ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ.

50 ಗ್ರಾಂ ಯಂತ್ರ

ಮೊದಲು ಈ ಯಂತ್ರದ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಮಕ್ಕಳಿಗೆ ಸಿಗುವ ಆಟಿಕೆ ಹೆಲಿಕಾಪ್ಟರ್ ಇದಲ್ಲ. ಅದರಲ್ಲಿ ರೆಕ್ಕೆಯ ಕೋನ ಒಂದೇ ಸಮ ಇರುತ್ತದೆ. ಮೇಲೇರಲು ಮೋಟಾರ್ ಜೋರಾಗಿ ತಿರುಗಬೇಕು, ಇಳಿಯಲು ನಿಧಾನವಾಗಬೇಕು. ನಮ್ಮದು ಕಲೆಕ್ಟಿವ್ ಪಿಚ್. ಅಂದರೆ ದೊಡ್ಡ ಹೆಲಿಕಾಪ್ಟರಿನ ಹಾಗೆ ರೆಕ್ಕೆಗಳು ತಿರುಗುತ್ತಾ ತಿರುಗುತ್ತಾ ತಮ್ಮ ಕೋನವನ್ನೇ ಬದಲಿಸುತ್ತವೆ. ಕಡ್ಲೆಬೀಜದಷ್ಟು ಇರುವ ಮೂರು ಸರ್ವೋ ಮೋಟಾರುಗಳು ಸ್ವಾಶ್‌ಪ್ಲೇಟ್ ಅನ್ನೋ ಒಂದು ಪುಟ್ಟ ತಟ್ಟೆಯನ್ನು ಎತ್ತುತ್ತವೆ, ವಾಲಿಸುತ್ತವೆ. ತಟ್ಟೆಯಿಂದ ಹೊರಟ ಸಣ್ಣ ಕಡ್ಡಿಗಳು ರೆಕ್ಕೆಗಳನ್ನು ತಿರುಚುತ್ತವೆ.

ಬ್ಯಾಟರಿ ಸೇರಿ ತೂಕ ಸುಮಾರು 50 ಗ್ರಾಂ. ಒಂದು ಕೋಳಿಮೊಟ್ಟೆಯಷ್ಟು. ಒಂದು ಸಲ ಚಾರ್ಜ್ ಮಾಡಿದರೆ ಐದಾರು ನಿಮಿಷದ ಹಾರಾಟ.

ಇದರ ತಲೆ, ಅಂದರೆ ರೋಟರ್ ಹೆಡ್, ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಕೂರುತ್ತದೆ. ನಡುವೆ ಒಂದು ಹಬ್. ಅದರ ಮೂಲಕ ಅಡ್ಡಲಾಗಿ ತೂರಿ ಹೋಗುವ ತೆಳ್ಳನೆಯ ಉಕ್ಕಿನ ಕಡ್ಡಿ, ಸ್ಪಿಂಡಲ್. ಕಡ್ಡಿಯ ಎರಡು ತುದಿಗೆ ರೆಕ್ಕೆ ಹಿಡಿಯುವ ಗ್ರಿಪ್‌ಗಳು, ಅವುಗಳೊಳಗೆ ಬೇರಿಂಗ್. ಹಬ್ಬಿಗೂ ಕಡ್ಡಿಗೂ ನಡುವೆ ಎರಡು ರಬ್ಬರ್ ಓ-ರಿಂಗ್. ಕಂಪನಿಯಿಂದ ಬರುವಾಗ ಹಬ್ಬು, ಗ್ರಿಪ್ಪು ಎರಡೂ ಪ್ಲಾಸ್ಟಿಕ್. ಈ ಹವ್ಯಾಸಕ್ಕೆ ಬಿದ್ದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇಲ್ಲೇ ಹುಟ್ಟೋದು: ಇದನ್ನು ಕಿತ್ತು ಮೆಟಲ್ ಹಾಕಲೇ?

ಇಷ್ಟು ಚಿಕ್ಕ ವಸ್ತುವಿಗೆ ಲೋಹ ಯಾಕೆ ಅಂತ ನಿಮಗೆ ಅನ್ನಿಸಬಹುದು. ಒಂದು ಲೆಕ್ಕ ಹಾಕೋಣ. ರೆಕ್ಕೆಯ ತೂಕ 1 ಗ್ರಾಂ, ಅದರ ತೂಕದ ನಡು ಶಾಫ್ಟಿನಿಂದ 7 ಸೆಂ.ಮೀ. ದೂರ, ನಿಮಿಷಕ್ಕೆ 4000 ಸುತ್ತು ಅಂತ ಇಟ್ಟುಕೊಳ್ಳಿ. ಆಗ ಆ ಒಂದು ಗ್ರಾಂ ರೆಕ್ಕೆ ಹೊರಗೆ ಎಳೆಯುವ ಬಲ ಒಂದೂಕಾಲು ಕಿಲೋ ತೂಕಕ್ಕೆ ಸಮ! ರೆಕ್ಕೆಯ ತುದಿ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತದೆ. ಆ ಎಳೆತವನ್ನೆಲ್ಲ ತಡೆದುಕೊಂಡು, ಅದರ ನಡುವೆಯೇ ಸಲೀಸಾಗಿ ಕೋನ ಬದಲಿಸೋದು ತಲೆಯ ಕೆಲಸ. ಹಾಗಾಗಿ ಪ್ರಶ್ನೆ ಶೋಕಿಯದ್ದಲ್ಲ.

ಸಮುದಾಯ ಭವನದ ಪೈಲಟ್

ನಮ್ಮ ಮನೆ ದಾಸರಹಳ್ಳಿ ಕಡೆ. ಅಪ್ಪ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಮೂವತ್ತೊಂದು ವರ್ಷ ಟರ್ನರ್ ಆಗಿದ್ದವರು. ನಿವೃತ್ತಿ ಆದಮೇಲೆ ಆರು ತಿಂಗಳು ಟಿವಿ ನೋಡಿದರು, ಆಮೇಲೆ ಟಿವಿಯನ್ನೂ ಬಿಟ್ಟರು. ಅಮ್ಮ ಹೋದ ಮೇಲೆ ಮನೆಯಲ್ಲಿ ಮಾತು ಕಡಿಮೆ ಆಗಿತ್ತು. ನನ್ನದು ಬೆಳ್ಳಂದೂರಿನಲ್ಲಿ ಟೆಸ್ಟಿಂಗ್ ಕೆಲಸ. ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ನಾನು ಹುಟ್ಟುಹಬ್ಬಕ್ಕೆ ತಂದುಕೊಂಡ ಹೆಲಿಕಾಪ್ಟರನ್ನು ಅಪ್ಪ ಮೊದಲ ದಿನವೇ ಬಿಚ್ಚಿ, ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಭೂತಗನ್ನಡಿ ಹಿಡಿದು ಕೂತುಬಿಟ್ಟರು. ಅವತ್ತಿನಿಂದ ಅದು ಅವರದ್ದೇ.

ಹಾರಿಸುವ ಜಾಗ ನಮ್ಮ ಬೀದಿಯ ಸಮುದಾಯ ಭವನ. ಮದುವೆ, ನಾಮಕರಣ ಯಾವುದೂ ಇಲ್ಲದ ಭಾನುವಾರ ಬೆಳಿಗ್ಗೆ ವಾಚ್‌ಮನ್ ಬಾಗಿಲು ತೆಗೆದುಕೊಡುತ್ತಾರೆ. ಕುರ್ಚಿಗಳನ್ನು ಗೋಡೆಗೆ ಸರಿಸಿ, ಫ್ಯಾನ್ ಆಫ್ ಮಾಡಿ, ಅಪ್ಪ ನಡುವೆ ನಿಲ್ಲುತ್ತಾರೆ. ಹೆಲಿಕಾಪ್ಟರ್ ಸೊಂಟದೆತ್ತರಕ್ಕೆ ಏರುತ್ತದೆ, ನಡುಗುತ್ತದೆ, ನಿಲ್ಲುತ್ತದೆ. ಒಂದೊಂದು ಸಲ ವೇದಿಕೆಯ ಅಂಚಿಗೆ ತಗುಲಿ ಟೈಲ್ಸ್ ಮೇಲೆ ಬೀಳುತ್ತದೆ. ಕಲಿಯುವಾಗ ಬೀಳುವುದು ಇದ್ದದ್ದೇ. ಆ ವಾರವೆಲ್ಲ ಸಂಜೆ ನಮಗೆ ಮಾತಾಡಲು ಒಂದು ವಿಷಯ ಇರುತ್ತದೆ.

ಹೀಗಿರುವಾಗ ನನಗೆ ಪುಣೆಗೆ ವರ್ಗ ಆಯಿತು. ಎರಡು ತಿಂಗಳ ಗಡುವು. ಅಪ್ಪ "ನಾನು ಅಲ್ಲಿಗೆ ಬರಲ್ಲ ಪುಟ್ಟಿ, ಊರಿಗೆ ಹೋಗ್ತೀನಿ" ಅಂದುಬಿಟ್ಟರು. ಊರು ಅಂದರೆ ಗುಬ್ಬಿ ತಾಲ್ಲೂಕಿನ ಹಳ್ಳಿ; ಚಿಕ್ಕಪ್ಪನ ಮನೆ, ತೆಂಗಿನ ತೋಟ, ಮುಂದೆ ದೊಡ್ಡ ಕಣ. ಹೆಲಿಕಾಪ್ಟರ್ ಅಪ್ಪನ ಜತೆ ಹೋಗಬೇಕು. ಅಲ್ಲಿ ನಾನಿರಲ್ಲ, ಎಸ್‌ಪಿ ರೋಡೂ ಇರಲ್ಲ.

ಅದೇ ಹೊತ್ತಿಗೆ ಯಂತ್ರ ಹಾರುವಾಗ ಒಂಥರಾ ಅದುರಲು ಶುರುವಾಗಿತ್ತು. ಮೆಟಲ್ ಹೆಡ್ ಹಾಕಿ ಗಟ್ಟಿ ಮಾಡಿ ಕಳಿಸಿದರೆ ಅಪ್ಪನಿಗೆ ತೊಂದರೆ ಇರಲ್ಲ ಅನ್ನೋದು ನನ್ನ ವಾದ. ಅಪ್ಪ ವಾದ ಮಾಡಲಿಲ್ಲ. "ನಡಿ, ಕೈಯಲ್ಲಿ ಹಿಡಿದು ನೋಡೋಣ" ಅಂದರು.

ಪೇಟೆಯ ಒಳಗೆ

ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಪೀಣ್ಯದ ಶೆಡ್ಡುಗಳ ತಗಡು ಚಾವಣಿಗಳು ಕಿಟಕಿಯಲ್ಲಿ ಕೆಳಗೆ ಸರಿಯುತ್ತವೆ. ಅಪ್ಪ ಪ್ರತಿ ಸಲ ತಮ್ಮ ಹಳೆಯ ಶೆಡ್ ಯಾವುದು ಅಂತ ತೋರಿಸುತ್ತಾರೆ, ಅಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಸಂಪಿಗೆ ರಸ್ತೆ ಹತ್ತಿರ ರೈಲು ನೆಲದೊಳಗೆ ಇಳಿಯುತ್ತದೆ. ಚಿಕ್ಕಪೇಟೆಯಲ್ಲಿ ನಾವು ಮೇಲೆ ಬಂದರೆ ಬೇರೆಯದೇ ಊರು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಇದು. ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಅಂತ ಕಸುಬಿಗೊಂದು ಹೆಸರು. ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆಯ ಗಲ್ಲಿಗಳಲ್ಲಿ ಹೊಕ್ಕರೆ ತಲೆ ಮೇಲೆ ಮೂಟೆ ಹೊತ್ತವರು, ಕೈಗಾಡಿ, ಹಾರ್ನ್, ಎಲ್ಲಿಂದಲೋ ಬರುವ ಕಾಫಿಪುಡಿ ವಾಸನೆ. ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನ ಇಲ್ಲೇ ಪಕ್ಕದಲ್ಲಿದೆ. ಅಪ್ಪ ಹೊರಗಿನಿಂದಲೇ ಕೈ ಮುಗಿದರು, ಟಿಫಿನ್ ಡಬ್ಬಿ ಸಮೇತ.

ಆಮೇಲೆ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಮೊದಲ ಸಲ ಬರುವವರಿಗೆ ಬರೀ ಲ್ಯಾಪ್‌ಟಾಪ್, ಕೇಬಲ್, ಸಿಸಿಟಿವಿ ಕಾಣುತ್ತದೆ. ಸ್ವಲ್ಪ ನಿಂತು ನೋಡಿದರೆ ಒಳಗಿನ ಪೇಟೆ ಕಾಣಿಸುತ್ತದೆ. ರೆಸಿಸ್ಟರುಗಳನ್ನು ಗ್ರಾಂ ಲೆಕ್ಕದಲ್ಲಿ ಅಳೆದುಕೊಡುವ ಕೌಂಟರ್, ಬರೀ ಸ್ವಿಚ್ ಮಾರುವ ಅಂಗಡಿ, ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಗಡುವು ಹತ್ತಿರ ಬಂದು ಗಾಬರಿಯಲ್ಲಿರುವ ಹುಡುಗರು. ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದರೆ ಡ್ರೋನ್, ರೋಬೋ, ಆರ್‌ಸಿ ಸಾಮಾನಿನ ಅಂಗಡಿಗಳು. ಹಳೇ ಪೇಟೆಗಳ ನಿಯಮವೇ ಇಲ್ಲೂ: ಒಬ್ಬರ ಹತ್ತಿರ ಇಲ್ಲದ್ದು ಪಕ್ಕದವರ ಹತ್ತಿರ ಇದೆ, ಮತ್ತು ಯಾರ ಹತ್ತಿರ ಇದೆ ಅನ್ನೋದು ಎಲ್ಲರಿಗೂ ಗೊತ್ತು.

ನಾವು ಹುಡುಕುತ್ತಿದ್ದ ಅಂಗಡಿ ಒಂದು ಕೋಣೆಯಷ್ಟೇ. ಗೋಡೆ ತುಂಬ ಸಣ್ಣ ಪ್ಲಾಸ್ಟಿಕ್ ಕವರುಗಳು ತೂಗುತ್ತಿದ್ದವು. ಕೌಂಟರಿನಲ್ಲಿದ್ದವರು ಡಬ್ಬಿ ತೆಗೆದ ಕೂಡಲೇ ನಕ್ಕರು. "ಯಜಮಾನ್ರೇ, ಹೆಲಿಕಾಪ್ಟರ್ರಾ? ಈಗೆಲ್ಲ ಡ್ರೋನ್ ಕೇಳ್ಕೊಂಡ್ ಬರೋರೇ."

ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿತು. ಬಿಡಿಭಾಗ ತರಿಸಲು ಆ ನಿಷೇಧ ಇಲ್ಲ. ಬಿಡಿಭಾಗದ ಕವರುಗಳೇ ಗೋಡೆ ತುಂಬಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಇರುವುದನ್ನು ಉಳಿಸಿಕೊಳ್ಳುವ ರಸ್ತೆ ಇದು.

ಮೆಟಲ್ ಹೆಡ್ ಕೈಗೆ ಬಂತು

ಅವರು ಒಂದು ಚಿಕ್ಕ ಪೆಟ್ಟಿಗೆ ತೆರೆದರು. ನೀಲಿ ಬಣ್ಣದ ಅಲ್ಯೂಮಿನಿಯಂ, ಸಿಎನ್‌ಸಿಯಲ್ಲಿ ಕಡೆದದ್ದು. ಒಡವೆ ಅಂಗಡಿಯಲ್ಲಿ ಓಲೆ ತೋರಿಸಿದ ಹಾಗೆ ಬಟ್ಟೆಯ ಮೇಲೆ ಇಟ್ಟರು. ನಿಜ ಹೇಳ್ತೀನಿ, ನೋಡಿದ ತಕ್ಷಣ ಬೇಕು ಅನ್ನಿಸುವಂಥದ್ದು.

ಅಪ್ಪ ಕನ್ನಡಕ ಏರಿಸಿ, ಗ್ರಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ಪ್ಲೇ ಇಲ್ಲ. ಒಳ್ಳೇ ಕೆಲಸ," ಅಂದರು. ಟರ್ನರ್ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅಂಗಡಿಯವರು ಅದರ ಗುಣಗಳನ್ನು ಹೇಳಿದರು, ಉತ್ಪ್ರೇಕ್ಷೆ ಇಲ್ಲದೆ. ಪ್ಲಾಸ್ಟಿಕ್ ಗ್ರಿಪ್ ಬಳಸುತ್ತಾ ಬಳಸುತ್ತಾ ಸವೆದು ಸಡಿಲ ಆಗುತ್ತದೆ, ಆಗ ಸರ್ವೋ ಹೇಳಿದ ಕೋನ ಒಂದು, ರೆಕ್ಕೆಗೆ ಸಿಗುವ ಕೋನ ಇನ್ನೊಂದು. ಮೆಟಲ್ಲಿನಲ್ಲಿ ಆ ಸಡಿಲ ಕಡಿಮೆ. ಒಳ್ಳೆಯ ಮೆಟಲ್ ಗ್ರಿಪ್‌ಗಳಲ್ಲಿ ಥ್ರಸ್ಟ್ ಬೇರಿಂಗ್ ಕೂಡ ಇರುತ್ತದೆ. ಆಗ ಹೇಳಿದೆನಲ್ಲ, ಆ ಒಂದೂಕಾಲು ಕಿಲೋ ಎಳೆತ, ಅದನ್ನು ಅದು ಹೊತ್ತುಕೊಳ್ಳುತ್ತದೆ, ಸರ್ವೋಗೆ ಶ್ರಮ ಕಮ್ಮಿ. ತಲೆಕೆಳಗಾಗಿ ಹಾರಿಸುವವರು, ಗಾಳಿಯಲ್ಲಿ ಪಲ್ಟಿ ಹೊಡೆಸುವವರಿಗೆ ಇದರಿಂದ ವ್ಯತ್ಯಾಸ ಗೊತ್ತಾಗುತ್ತದೆ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಬಿದ್ರೆ ಏನ್ ಮುರಿಯುತ್ತೆ?"

"ಹೆಡ್ ಏನೂ ಆಗಲ್ಲ ಸರ್."

"ಹೆಡ್ ಬಿಡಿ. ಮುರಿಯೋದು ಏನು?"

ಅಂಗಡಿಯವರು ಒಂದು ಕ್ಷಣ ಸುಮ್ಮನಿದ್ದು, ಡ್ರಾಯರಿನಿಂದ ಮೂರು ವಸ್ತು ತೆಗೆದಿಟ್ಟರು. ಹಲ್ಲು ಉದುರಿದ ಒಂದು ಮೇನ್ ಗೇರ್, ಬಾಗಿದ ಶಾಫ್ಟ್, ಒಳಗಿನ ಹಲ್ಲು ಸವೆದ ಸರ್ವೋ. "ಮೆಟಲ್ ಹಾಕ್ಕೊಂಡೋರು ಆಮೇಲೆ ಇವಕ್ಕೆ ಬರ್ತಾರೆ," ಅಂದರು. ಸಾಮಾನು ಮಾರುವವರು ಹಾಗೆ ಹೇಳಬೇಕಾಗಿರಲಿಲ್ಲ. ಆ ಮಾತಿಗಾಗಿ ನಾನು ಆ ಅಂಗಡಿಗೆ ಮತ್ತೆ ಹೋಗ್ತೀನಿ.

ಹತ್ತು ರೂಪಾಯಿಯ ಪಿನ್

ಕೆಳಗಿಳಿದು ಒಂದು ಅಂಗಡಿ ಮುಂದೆ ಬೈಟು ಕಾಫಿ ಕುಡಿಯುವಾಗ ಅಪ್ಪ ಲೇತ್ ಕಥೆ ಹೇಳಿದರು. ಎಷ್ಟೋ ಲೇತ್‌ಗಳ ಫೀಡ್ ರಾಡ್‌ನಲ್ಲಿ ಒಂದು ಶಿಯರ್ ಪಿನ್ ಇರುತ್ತದೆ. ಬೇಕೆಂದೇ ಮೆದುವಾದ ಲೋಹದಲ್ಲಿ ಮಾಡಿದ ಪಿನ್. ಟೂಲ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮೊದಲು ಆ ಪಿನ್ ತುಂಡಾಗುತ್ತದೆ, ಗೇರುಗಳು ಉಳಿಯುತ್ತವೆ.

"ಪಿನ್ನು ಪದೇ ಪದೇ ಮುರಿಯುತ್ತೆ ಅಂತ ಬೇಜಾರಾಗಿ ಸ್ಟೀಲ್ ರಾಡ್ ತುಂಡು ಹೊಡೆಯೋರು ಇರ್ತಾರೆ. ಒಂದು ತಿಂಗಳು ಆರಾಮು. ಆಮೇಲೆ ಗೇರ್ ಬಾಕ್ಸೇ ಇಳಿಸ್ಬೇಕು. ಮುರಿಯೋದು ತಪ್ಪಲ್ಲ ಪುಟ್ಟಿ. ಎಲ್ಲಿ ಮುರೀಬೇಕು ಅಂತ ಗೊತ್ತುಮಾಡ್ಕೋಬೇಕು ಅಷ್ಟೆ."

ಮನೆಯ ಹಳೇ ಫ್ಯೂಸ್ ಕಟ್ಟೆ ನೆನಪಿಸಿಕೊಂಡರೆ ನಿಮಗೂ ಅರ್ಥವಾಗುತ್ತದೆ. ಫ್ಯೂಸ್ ಹೋಗುತ್ತೆ ಅಂತ ದಪ್ಪ ತಾಮ್ರದ ತಂತಿ ಕಟ್ಟಿದರೆ ಫ್ಯೂಸ್ ಹೋಗಲ್ಲ, ಗೋಡೆಯೊಳಗಿನ ವೈರಿಂಗ್ ಹೋಗುತ್ತದೆ.

ಪುಟ್ಟ ಹೆಲಿಕಾಪ್ಟರಿನಲ್ಲೂ ಇದೇ ಲೆಕ್ಕ. ರೆಕ್ಕೆ ಗೋಡೆಗೆ ತಗುಲಿದ ಕ್ಷಣದಲ್ಲಿ ತಿರುಗುತ್ತಿರುವ ಶಕ್ತಿ ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ಪ್ಲಾಸ್ಟಿಕ್ ಗ್ರಿಪ್ ಆದರೆ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಮುರಿದದ್ದು ಕಣ್ಣಿಗೆ ಕಾಣುತ್ತದೆ, ಬದಲಿಸಿದರೆ ಮುಗಿಯಿತು. ಅಲ್ಯೂಮಿನಿಯಂ ಆ ಪೆಟ್ಟನ್ನು ತಾನು ನುಂಗದೆ ಕೆಳಗೆ, ಶಾಫ್ಟಿಗೆ, ಗೇರಿಗೆ, ಸರ್ವೋಗೆ ದಾಟಿಸುತ್ತದೆ. ಇನ್ನೊಂದು ಸಂಗತಿ: ಅಲ್ಯೂಮಿನಿಯಂ ಕೂದಲೆಳೆಯಷ್ಟು ಬಾಗಿದರೆ ಹಾಗೇ ಉಳಿಯುತ್ತದೆ, ಕಣ್ಣಿಗೂ ಕಾಣಲ್ಲ. ಹಾರುವಾಗ ಅದುರುತ್ತದೆ, ಕಾರಣ ಹುಡುಕಿ ಹುಡುಕಿ ಸಾಕಾಗುತ್ತದೆ.

ತೂಕವೂ ಇದೆ. ಅದೇ ಅಳತೆಯ ತುಂಡು ಅಲ್ಯೂಮಿನಿಯಂನಲ್ಲಿ ಪ್ಲಾಸ್ಟಿಕ್ಕಿನ ಎರಡೂವರೆ ಪಟ್ಟು ತೂಗುತ್ತದೆ. ಒಳಗೆ ಕೊರೆದು ಹಗುರ ಮಾಡಿರುತ್ತಾರೆ, ಆದರೂ ಒಂದೆರಡು ಗ್ರಾಂ ಹೆಚ್ಚಾಗಬಹುದು. ಕಾರಿಗೆ ಅದು ಏನೂ ಅಲ್ಲ. 50 ಗ್ರಾಂ ಯಂತ್ರಕ್ಕೆ 2 ಗ್ರಾಂ ಅಂದರೆ ನೂರಕ್ಕೆ ನಾಲ್ಕು.

ಗಾಜಿನ ಮೇಲೆ ಉರುಳಿಸಿ

ಹಾಗಾದರೆ ನಮ್ಮ ಯಂತ್ರ ಅದುರುತ್ತಿದ್ದದ್ದು ಯಾಕೆ? ಅಪ್ಪ ಕಾಫಿ ಮುಗಿಸಿ ಮತ್ತೆ ಮೇಲೆ ಹೋಗಿ, ಅಂಗಡಿಯ ಗಾಜಿನ ಕೌಂಟರ್ ಒರೆಸಿ, ಹೆಡ್ ಬಿಚ್ಚಿ ಸ್ಪಿಂಡಲ್ ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿದರು. ನೇರ ಇದ್ದರೆ ಅದು ಸದ್ದಿಲ್ಲದೆ ಉರುಳಬೇಕು. ನಮ್ಮದು ಕುಂಟುತ್ತಾ ಹೋಯಿತು. ಕಡ್ಡಿಗೂ ಗಾಜಿಗೂ ನಡುವೆ ಬೆಳಕು ಒಮ್ಮೆ ಕಾಣಿಸುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಓ-ರಿಂಗ್ ಎರಡೂ ಒಣಗಿ ಗಟ್ಟಿಯಾಗಿದ್ದವು.

ಅಂದರೆ ತಲೆ ಪ್ಲಾಸ್ಟಿಕ್ ಆಗಿದ್ದು ಕಾಯಿಲೆ ಅಲ್ಲವೇ ಅಲ್ಲ. 60 ರೂಪಾಯಿಯ ಕಡ್ಡಿ ಬಾಗಿತ್ತು. ಹೊಸ ಮೆಟಲ್ ಸೆಟ್ ಹಾಕಿದ್ದರೂ ಅದುರು ನಿಲ್ಲುತ್ತಿತ್ತು, ಯಾಕೆಂದರೆ ಅದರ ಜತೆ ಹೊಸ ಕಡ್ಡಿ ಬರುತ್ತದೆ. ನಾವು ಮೆಟಲ್ಲಿನ ಮಹಿಮೆ ಅಂದುಕೊಳ್ಳುತ್ತಿದ್ದೆವು.

ನಿಮ್ಮ ಹತ್ತಿರವೂ ಇಂಥದ್ದೊಂದು ಇದ್ದರೆ, ಅಪ್‌ಗ್ರೇಡ್ ಬಗ್ಗೆ ಯೋಚಿಸುವ ಮುನ್ನ ಇಷ್ಟು ನೋಡಿಕೊಳ್ಳಿ. ಸ್ಪಿಂಡಲ್, ಮೇನ್ ಶಾಫ್ಟ್ ಎರಡನ್ನೂ ಗಾಜಿನ ಮೇಲೆ ಉರುಳಿಸಿ. ಬೇರಿಂಗನ್ನು ಬೆರಳಲ್ಲಿ ತಿರುಗಿಸಿ, ಗರಗರ ಅಂದರೆ ಬದಲಿಸಿ. ಹಾರುವಾಗ ರೆಕ್ಕೆಗಳನ್ನು ಪಕ್ಕದಿಂದ ನೋಡಿ. ಎರಡು ರೆಕ್ಕೆಯ ತುದಿ ಒಂದೇ ಗೆರೆಯಲ್ಲಿ ಕಾಣಬೇಕು, ಎರಡು ಗೆರೆ ಕಂಡರೆ ಕೋನ ಸಮ ಇಲ್ಲ ಅಂತ ಅರ್ಥ. ಅದುರು ಹೆಚ್ಚಾದರೆ ಒಳಗಿನ ಜೈರೋ ಬೋರ್ಡಿಗೂ ಗಲಿಬಿಲಿ, ಬಾಲ ಆಡಲು ಶುರುಮಾಡುತ್ತದೆ. ಇಷ್ಟೆಲ್ಲ ಸರಿಯಿದ್ದೂ ಗ್ರಿಪ್ ಲಡಲಡ ಅಂದರೆ ಆಗ ಮೆಟಲ್ ಮಾತು.

ಬಾಗುವುದೂ ಒಂದು ಗುಣ

ದೊಡ್ಡ ಹೆಲಿಕಾಪ್ಟರುಗಳ ತಲೆ ಗಟ್ಟಿ ಲೋಹದ ಗಂಟು ಅಂತ ನಾನು ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಕಥೆ ಬೇರೆಯೇ ಇತ್ತು. ಸ್ಪೇನಿನ ಹ್ವಾನ್ ದ ಲಾ ಸಿಯೆರ್ವಾ ಆಟೋಜೈರೋ ಮಾಡಲು ಹೊರಟಾಗ ಅವರ ಚಿಕ್ಕ ಮಾದರಿ ಚೆನ್ನಾಗಿ ಹಾರುತ್ತಿತ್ತು, ದೊಡ್ಡ ಯಂತ್ರ ಮಾತ್ರ ಪಕ್ಕಕ್ಕೆ ಮಗುಚಿಕೊಳ್ಳುತ್ತಿತ್ತು. ಮುಂದಕ್ಕೆ ಚಲಿಸುವಾಗ ಗಾಳಿಗೆ ಎದುರಾಗಿ ಬರುವ ರೆಕ್ಕೆಗೆ ಎತ್ತುವ ಬಲ ಹೆಚ್ಚು, ಹಿಂದೆ ಸರಿಯುವ ರೆಕ್ಕೆಗೆ ಕಡಿಮೆ. ಮಾದರಿಯ ರೆಕ್ಕೆಗಳಲ್ಲಿ ಬೆತ್ತ ಇತ್ತು. ಬೆತ್ತ ಬಾಗಿ ಆ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತಿತ್ತು. ದೊಡ್ಡದರ ರೆಕ್ಕೆಗಳು ಬಿಗಿ. ಸಿಯೆರ್ವಾ ಬುಡದಲ್ಲಿ ಕೀಲು ಕೊಟ್ಟು ರೆಕ್ಕೆಗಳು ಮೇಲೆ ಕೆಳಗೆ ಆಡುವ ಹಾಗೆ ಮಾಡಿದರು. 1923ರ ಜನವರಿಯಲ್ಲಿ ಅವರ ಸಿ.4 ಯಂತ್ರ ಹಾರಿತು. ಚಿಕ್ಕ ಮಾದರಿ ದೊಡ್ಡ ಯಂತ್ರಕ್ಕೆ ಪಾಠ ಹೇಳಿದ ಪ್ರಸಂಗ ಇದು.

ನಮ್ಮ ಎಚ್‌ಎಎಲ್‌ನ ಚೇತಕ್‌ನಲ್ಲಿ ಮೂರು ರೆಕ್ಕೆಗೂ ಅಂಥ ಕೀಲುಗಳಿವೆ. 1992ರ ಆಗಸ್ಟಿನಲ್ಲಿ ಮೊದಲು ಹಾರಿದ ಧ್ರುವ್‌ನಲ್ಲಿ ಆ ಕೀಲು ಇಲ್ಲ. ಕಾಂಪೋಸಿಟ್ ವಸ್ತುವೇ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಏರ್ ಶೋದಲ್ಲಿ ಸಾರಂಗ್ ತಂಡದವರು ಆಕಾಶದಲ್ಲಿ ಅಷ್ಟೆಲ್ಲ ಆಟ ಆಡಿಸುವುದು ಇದೇ ಧ್ರುವ್‌ಗಳನ್ನು. ಬಾಗಬೇಕಾದ ಕಡೆ ಬಾಗುವುದನ್ನು ಇಂಜಿನಿಯರುಗಳು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ನಮ್ಮ ಪುಟ್ಟ ಯಂತ್ರದ ಎರಡು ಓ-ರಿಂಗ್ ಮಾಡುವುದೂ ಅದೇ ಕೆಲಸವನ್ನು.

ರಿಪೇರಿ ಯಾರ ಕೈಯಲ್ಲಿ?

ಇಷ್ಟಾದರೂ ನನಗೆ ಇನ್ನೊಂದು ಅನುಮಾನ ಉಳಿದಿತ್ತು. ಊರಿನಲ್ಲಿ ಅಪ್ಪ ಒಬ್ಬರೇ. ಪ್ಲಾಸ್ಟಿಕ್ ಮುರಿಯುತ್ತಲೇ ಇದ್ದರೆ ಬೇಸರ ಬಂದು ಡಬ್ಬಿ ಅಟ್ಟಕ್ಕೆ ಹೋಗಲ್ವಾ? ಟಿವಿಯ ಹಾಗೆ ಇದನ್ನೂ ಬಿಟ್ಟರೆ?

ಕೇಳಿಯೇಬಿಟ್ಟೆ. ಅಪ್ಪ ಎರಡೂ ಹೆಡ್ಡುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಮೆಟಲ್ಲಿನ ಸ್ಕ್ರೂ ಸಾಸಿವೆ ಕಾಳಿನಷ್ಟು. ಲೋಹಕ್ಕೆ ಲೋಹ ಆದ್ದರಿಂದ ಪ್ರತಿ ಸಲ ಬಿಚ್ಚಿದಾಗಲೂ ಥ್ರೆಡ್‌ಲಾಕ್ ಹಚ್ಚಬೇಕು, ಇಲ್ಲದಿದ್ದರೆ ಅದುರಿ ಅದುರಿ ಸಡಿಲವಾಗುತ್ತದೆ. ಸ್ವಲ್ಪ ಹೆಚ್ಚಾದರೆ ಬೇರಿಂಗಿಗೆ ಇಳಿದು ಅದೂ ಕಚ್ಚಿಕೊಳ್ಳುತ್ತದೆ. ಅಪ್ಪನ ಎಡಗೈ ಈಗ ಸ್ವಲ್ಪ ನಡುಗುತ್ತದೆ, ಅದನ್ನು ಅವರು ಹೇಳಲ್ಲ, ನಾನು ಕೇಳಲ್ಲ. ಪ್ಲಾಸ್ಟಿಕ್ ಗ್ರಿಪ್ಪಿನಲ್ಲಿ ಸ್ಕ್ರೂ ನೇರ ಪ್ಲಾಸ್ಟಿಕ್ಕಿಗೆ ಕಚ್ಚುತ್ತದೆ. ಒಂದು ಸ್ಕ್ರೂ ಡ್ರೈವರ್, ಒಂದು ಚಿಮಟ ಸಾಕು.

"ಮುರಿದ್ರೆ ನಾನು ಮಾಡ್ಕೋಬೋದಾದ್ದು ಕೊಡ್ಸು," ಅಂದರು. "ಮುರಿದೇ ಇರೋದು ಕೊಡಿಸ್ಬೇಡ. ಕುತ್ಕೊಂಡು ಏನ್ ಮಾಡ್ಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ತೀರ್ಮಾನ ಆಗಿಹೋಗಿತ್ತು. ರೆಕ್ಕೆಯ ಕೋನ, ತೂಕ, ಥ್ರಸ್ಟ್ ಬೇರಿಂಗ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಭಾನುವಾರ ಬಿದ್ದದ್ದನ್ನು ಬುಧವಾರದ ಹೊತ್ತಿಗೆ ಸರಿಮಾಡುವ ಆ ಮೂರು ದಿನ ಅವರಿಗೆ ಏನು ಅನ್ನೋದನ್ನು ಅಪ್ಪನೇ ಹೇಳಬೇಕಾಯಿತು.

ಮೆಟಲ್ ಹೆಡ್ಡನ್ನು ಬಟ್ಟೆ ಸಮೇತ ವಾಪಸ್ ಕೊಟ್ಟೆವು. ಕೊಂಡದ್ದು ಇಷ್ಟು: ಪ್ಲಾಸ್ಟಿಕ್ ಗ್ರಿಪ್ ಎರಡು ಜೋಡಿ, ಹಬ್ ಎರಡು, ಸ್ಪಿಂಡಲ್ ನಾಲ್ಕು, ಮೇನ್ ಗೇರ್ ಎರಡು, ಓ-ರಿಂಗ್ ಒಂದು ಪೊಟ್ಟಣ. ಎಲ್ಲಾ ಸೇರಿ 1,100 ರೂಪಾಯಿ. ಹತ್ತಿರದ ಎಸ್‌ಜೆಪಿ ರೋಡಿನ ಬೇರಿಂಗ್ ಅಂಗಡಿಯಲ್ಲಿ ಅಪ್ಪ ನಾಲ್ಕು ಪುಟ್ಟ ಬೇರಿಂಗ್ ಆರಿಸಿದರು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಉಳಿದ ದುಡ್ಡಲ್ಲಿ ಎರಡು ಬ್ಯಾಟರಿ.

ನೀವು ಹೋಗೋದಾದರೆ

ಎಸ್‌ಪಿ ರೋಡಿನ ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ಬೆಳಿಗ್ಗೆ ಹನ್ನೊಂದರ ಮುಂಚೆ ಹೋದರೆ ಅರ್ಧ ಶಟರ್ ಇಳಿದೇ ಇರುತ್ತದೆ. ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗಲ್ಲ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ನಡೆಯಿರಿ. ಮುರಿದ ಭಾಗವನ್ನು ಕೈಯಲ್ಲೇ ಒಯ್ಯಿರಿ. ಫೋಟೋ ತೋರಿಸಿದರೆ ಹತ್ತರಲ್ಲಿ ಆರು ಸಲ ಬೇರೆ ಅಳತೆಯದ್ದು ಬರುತ್ತದೆ.

ಇನ್ನೊಂದು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನವು ನ್ಯಾನೋ ವರ್ಗ. ಆದರೂ ಹೊರಗೆ ಬಯಲಿನಲ್ಲಿ ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದ ವಲಯದಲ್ಲಿದೆ ಅಂತ ನೋಡಿಕೊಳ್ಳಿ. ವಿಮಾನ ನಿಲ್ದಾಣ, ವಾಯುಪಡೆ ನೆಲೆಗಳಿರುವ ಬೆಂಗಳೂರಿನಲ್ಲಂತೂ ಇದು ಮುಖ್ಯ. ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗಿಟ್ಟು ಹೊರಗೆ ಹೋಗಬೇಡಿ. ಮಕ್ಕಳು ಪಕ್ಕದಲ್ಲಿದ್ದರೆ ಕಣ್ಣಿನ ಎತ್ತರಕ್ಕೆ ಏರಿಸಲೇಬೇಡಿ. ತೂಕ 50 ಗ್ರಾಂ ಇರಬಹುದು, ತುದಿಯ ವೇಗ 180 ಕಿ.ಮೀ. ಅನ್ನೋದು ನೆನಪಿರಲಿ.

ನಾನೀಗ ಪುಣೆಯಲ್ಲಿದ್ದೀನಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಊರಲ್ಲಿ ಈಗ ಅಪ್ಪನನ್ನು ಎಚ್‌ಎಎಲ್‌ ತಾತ ಅಂತ ಹುಡುಗರು ಕರೀತಾರಂತೆ. ಸಂಜೆ ಗಾಳಿ ಇಳಿದ ಮೇಲೆ ಕಣದಲ್ಲಿ ಐದು ನಿಮಿಷದ ಹಾರಾಟ, ಸುತ್ತ ನಾಲ್ಕೈದು ಮಕ್ಕಳು, ಗೆರೆ ಎಳೆದು ಅದರ ಹಿಂದೆ ನಿಲ್ಲಿಸಿರುತ್ತಾರೆ.

ಹೋದ ವಾರ ಫೋನಿನಲ್ಲಿ ಹೇಳಿದರು: "ತೆಂಗಿನ ಗರಿಗೆ ತಗುಲ್ತು. ಒಂದು ಗ್ರಿಪ್ ಹೋಯ್ತು. ಗೇರ್ ಚೆನ್ನಾಗಿದೆ. ಚಿಕ್ಕಪ್ಪನ ಮೊಮ್ಮಗನ ಕೈಲಿ ಸ್ಕ್ರೂ ಬಿಚ್ಚಿಸ್ದೆ, ಅವನ ಬೆರಳು ಸಣ್ಣ."

ಗ್ರಿಪ್ ಕಳಿಸಲಾ ಅಂತ ಕೇಳಿದೆ.

"ಬೇಡ, ಇನ್ನೂ ಮೂರಿದೆ. ಮುಗಿದ್ರೆ ರೈಲು ಹತ್ತಿ ನಾನೇ ಹೋಗ್ತೀನಿ. ಈ ಹುಡುಗ ಎಸ್‌ಪಿ ರೋಡ್ ನೋಡಿಲ್ವಂತೆ."